ಲೂಟ್ ಸಿಕ್ಕರೂ ಯಾರಿಗೂ ಖುಷಿಯಿಲ್ಲವೇ? ಟೇಬಲ್‌ಟಾಪ್ ಆಟದಲ್ಲಿ ಬಹುಮಾನದ ದೋಷ ಹುಡುಕುವ ಕೈಪಿಡಿ

ಟೇಬಲ್‌ಟಾಪ್ ಅಂದರೆ ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಕಥೆಯಾಟ: ಒಬ್ಬೊಬ್ಬರದ್ದು ಒಂದೊಂದು ಪಾತ್ರ, ಕಥೆಯನ್ನೂ ಶತ್ರುಗಳನ್ನೂ ನಡೆಸುವವರು ಡಿಎಂ, ಪಾತ್ರಗಳಿಗೆ ಸಿಗುವ ಬಹುಮಾನವೇ ಲೂಟ್. ಡಿಎಂ ಆಗಿ ನೀವು ಆಟಗಾರನೊಬ್ಬನ ಪಾತ್ರಕ್ಕೆ ಒಂದು ಒಳ್ಳೆಯ ಕತ್ತಿ ಕೊಡುತ್ತೀರಿ. ಆಟಗಾರ ‘ಸರಿ’ ಅಂದು ಬರೆದುಕೊಳ್ಳುತ್ತಾನೆ. ಮುಂದಿನ ಭಾನುವಾರ ಅದು ಯಾರ ಹತ್ತಿರ ಇದೆ ಅಂತ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಟೇಬಲ್‌ನಲ್ಲಿ ಇದರ ಉಲ್ಟಾ. ಒಂದು ಗುರಾಣಿ ಕೊಟ್ಟ ದಿನದಿಂದ ಆ ಒಬ್ಬನನ್ನು ಯಾವ ಶತ್ರುವಿಗೂ ಮುಟ್ಟಲಾಗುತ್ತಿಲ್ಲ, ಉಳಿದವರು ಫೋನ್ ನೋಡುತ್ತಾ ಕೂತಿದ್ದಾರೆ. ಎರಡೂ ಕಡೆ ಡಿಎಂಗೆ ಮೊದಲು ಹೊಳೆಯುವುದು ಒಂದೇ: ಇನ್ನೂ ದೊಡ್ಡದೇನಾದರೂ ಕೊಡೋಣ. ದಯವಿಟ್ಟು ಅದನ್ನು ಮಾಡಬೇಡಿ. ಮೊದಲು ಎಲ್ಲಿ ಕೆಟ್ಟಿದೆ ಅಂತ ನೋಡಿ.

ಹಾಸನ, ಚಿಕ್ಕಮಗಳೂರು ಕಡೆ ಕೂತು ಕನ್ನಡದಲ್ಲೇ ಆಟ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಲೆಕ್ಕಗಳು ಹೆಚ್ಚಾಗಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಟದ 5ನೇ ಆವೃತ್ತಿಯ 2014ರ ನಿಯಮದವು. ನೀವು ಬೇರೆ ಆಟ ಆಡುತ್ತಿದ್ದರೂ ದೋಷಗಳು ಇವೇ ಇರುತ್ತವೆ, ಅಂಕಿ ಮಾತ್ರ ಬದಲಾಗುತ್ತದೆ.

ಮೊದಲು ಒಂದು ಪರೀಕ್ಷೆ

ಮುಂದಿನ ಸೆಷನ್ (ಒಂದು ಸಲದ ಆಟ) ಶುರುವಾಗುವ ಮೊದಲು ಎಲ್ಲರಿಗೂ ಪಾತ್ರದ ವಿವರ ಬರೆದ ಶೀಟ್ ಮಗುಚಿಡಲು ಹೇಳಿ. ಆಮೇಲೆ ಒಬ್ಬೊಬ್ಬರನ್ನೇ ಕೇಳಿ: ನಿನ್ನ ಪಾತ್ರದ ಹತ್ತಿರ ಏನೇನು ಇದೆ? ಅದು ಯಾರಿಂದ, ಎಲ್ಲಿಂದ ಬಂತು? ಹೋದ ಸಲ ಅದನ್ನು ಯಾವಾಗ ಬಳಸಿದೆ?

ಉತ್ತರ ತಪ್ಪಾದರೆ ಬೈಯಬೇಡಿ, ಸುಮ್ನೆ ಬರೆದುಕೊಳ್ಳಿ. ಸಾಮಾನಿನ ಹೆಸರೇ ನೆನಪಿಲ್ಲದಿದ್ದರೆ ಕೊಟ್ಟದ್ದು ಜಾಸ್ತಿಯಾಗಿದೆ. ಹೆಸರು ನೆನಪಿದೆ, ಎಲ್ಲಿಂದ ಬಂತು ಗೊತ್ತಿಲ್ಲ ಅಂದರೆ ಕೊಟ್ಟ ರೀತಿ ಕೆಟ್ಟಿದೆ. ಎರಡೂ ನೆನಪಿದ್ದು ಬಳಸಿಯೇ ಇಲ್ಲ ಅಂದರೆ ಆ ಸಾಮಾನಿಗೆ ನಿಮ್ಮ ಕಥೆಯಲ್ಲಿ ಕೆಲಸವಿಲ್ಲ. ಒಬ್ಬನೇ ಎಲ್ಲವನ್ನೂ ಪಟಪಟ ಹೇಳಿ, ಉಳಿದವರು ಅವನ ಮುಖ ನೋಡಿದರೆ ತೂಕ ಒಂದೇ ಕಡೆ ವಾಲಿದೆ.

ಶೀಟ್ ತಿರುಗಿಸಿದ ಮೇಲೆ ಸಾಮಾನಿನ ಕಾಲಂ ಕೂಡ ನೋಡಿ. ಅರ್ಧ ಅಳಿಸಿದ ಪೆನ್ಸಿಲ್ ಬರಹ, ‘ಉಂಗುರ’ದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ, ಎರಡು ಕಡೆ ಬರೆದ ಒಂದೇ ಕಷಾಯದ ಬಾಟಲಿ. ಆಟಗಾರ ಬಾಯಲ್ಲಿ ಹೇಳದಿರುವುದನ್ನು ಆ ಕಾಲಂ ಹೇಳುತ್ತದೆ.

ಲಕ್ಷಣ: ಕೊಟ್ಟದ್ದು ಶೀಟ್‌ನಲ್ಲೇ ಉಳಿಯುತ್ತದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ಪೆಟ್ಟಿಗೆಯಲ್ಲಿ ಸಿಕ್ಕಿದ +1 ಕತ್ತಿ, ಅಂದರೆ ದಾಳದ ಲೆಕ್ಕಕ್ಕೆ ಒಂದು ಕೂಡಿಸುವ ಮಾಂತ್ರಿಕ ಕತ್ತಿ, ಮದುವೆಗೆ ಬಂದ ಐದನೇ ಗೋಡೆ ಗಡಿಯಾರದ ಹಾಗೆ. ಚೆನ್ನಾಗಿಯೇ ಇದೆ, ಯಾರು ಕೊಟ್ಟರು ಅಂತ ಮಾತ್ರ ನೆನಪಿಲ್ಲ.

ಮೊದಲು ಎಣಿಕೆ ನೋಡಿ. 2014ರ ನಿಯಮದಲ್ಲಿ ಒಂದು ಪಾತ್ರ ಒಮ್ಮೆಗೆ ಮೂರು ಸಾಮಾನಿಗೆ ಮಾತ್ರ ಅಟ್ಯೂನ್ ಆಗಬಹುದು, ಅಂದರೆ ಅವುಗಳ ಮಾಂತ್ರಿಕ ಶಕ್ತಿ ಸಿಗುವಂತೆ ನಂಟು ಬೆಳೆಸಬಹುದು. ನಾಲ್ಕನೆಯದು ಎಷ್ಟೇ ಒಳ್ಳೆಯದಿರಲಿ, ಚೀಲದ ತಳಕ್ಕೆ ಹೋಗುತ್ತದೆ. ಹಾಗೆ ತಳ ಸೇರಿದ್ದು ಜಾಸ್ತಿ ಇದ್ದರೆ ಕೆಲವು ಸೆಷನ್ ಹೊಸ ಸಾಮಾನನ್ನೇ ನಿಲ್ಲಿಸಿ.

ಎಣಿಕೆ ಸರಿಯಿದ್ದರೆ, ಹೊಸದನ್ನು ಕೊಡುವ ಬದಲು ಕೈಯಲ್ಲಿರುವುದನ್ನೇ ಬೆಳೆಸಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರಿಹಾರ ಇದೇ. 1993ರಲ್ಲಿ ಬಂದ ಅರ್ಥ್‌ಡಾನ್ ಆಟ ಇದನ್ನು ನಿಯಮವನ್ನಾಗಿಯೇ ಮಾಡಿತ್ತು. ಅಲ್ಲಿ ಮಾಂತ್ರಿಕ ಆಯುಧದ ಪೂರ್ತಿ ಶಕ್ತಿ ಒಮ್ಮೆಗೇ ಸಿಗುವುದಿಲ್ಲ. ಅದರ ಹೆಸರೇನು, ಮಾಡಿದವರು ಯಾರು, ಅದರಿಂದ ಏನು ನಡೆಯಿತು ಅಂತ ಪಾತ್ರ ಹುಡುಕಿ ತಿಳಿದುಕೊಂಡ ಹಾಗೆ ಅದು ಹಂತ ಹಂತವಾಗಿ ತೆರೆದುಕೊಳ್ಳುತ್ತದೆ.

5ನೇ ಆವೃತ್ತಿಯಲ್ಲಿ ಮಾಡುವುದು ಹೀಗೆ. ಮೂಡಿಗೆರೆ ಕಡೆಯ ಕಾಡನ್ನೇ ಹೋಲುವ ಒಂದು ಸೀಮೆ ಅಂದುಕೊಳ್ಳಿ. ರೇಂಜರ್ (ಕಾಡು ಬಲ್ಲ ಬೇಟೆಗಾರ) ಪಾತ್ರದ ಹತ್ತಿರ ಅಜ್ಜಿ ಕೊಟ್ಟ ಕತ್ತಿ ಇದೆ, ಲಂಟಾನ ಸವರುವ ಸಾದಾ ಕತ್ತಿ. ನಿಯಮದಲ್ಲಿ ಅದಕ್ಕೆ ಶಾರ್ಟ್‌ಸ್ವೋರ್ಡ್‌ನ 1ಡಿ6, ಅಂದರೆ ಆರು ಮುಖದ ಒಂದು ದಾಳದಷ್ಟು ಪೆಟ್ಟು ಇರಲಿ. ಊರನ್ನು ಕಾಡುತ್ತಿದ್ದ ಮೊದಲ ದೊಡ್ಡ ಮೃಗ ಆ ಕತ್ತಿಗೆ ಬಿದ್ದ ರಾತ್ರಿಯಿಂದ ಅದು ಮಾಂತ್ರಿಕ ಆಯುಧ ಅಂತ ಲೆಕ್ಕ. ಪ್ಲಸ್ ಏನೂ ಇಲ್ಲ, ಅಷ್ಟೇ. ಆದರೆ 2014ರ ನಿಯಮದ ವೇರ್‌ವುಲ್ಫ್‌ಗೆ, ಅಂದರೆ ತೋಳವಾಗುವ ಮನುಷ್ಯನಿಗೆ, ಬೆಳ್ಳಿ ಲೇಪಿಸದ ಸಾದಾ ಆಯುಧ ನಾಟುವುದಿಲ್ಲ. ಹಾಗಾಗಿ ಇಷ್ಟೇ ಬದಲಾವಣೆ ಒಂದು ಇಡೀ ಕಾಳಗವನ್ನು ತಿರುಗಿಸಬಲ್ಲದು.

ಎರಡನೇ ಹಂತ: ಹಿಡಿಯ ಕೆಳಗೆ ಸವೆದುಹೋದ ಒಂದು ಗುರುತಿದೆ. ಅದು ಯಾರದ್ದು? ಆ ಕಮ್ಮಾರನ ಹೆಸರು ತಿಳಿದು, ಅವನ ಊರಿಗೆ ಹೋಗಿ ಬಂದ ಮೇಲೆ ಕತ್ತಿ ದಿನಕ್ಕೊಮ್ಮೆ ಒಂದು ಕೆಲಸ ಕಲಿಯುತ್ತದೆ. ಯಾವ ಕೆಲಸ ಅಂತ ಕಮ್ಮಾರನ ಕಥೆಯೇ ಹೇಳಲಿ. +1 ಬರುವುದು ಮೂರನೇ ಹಂತದಲ್ಲಿ, ಅವನಿಗೆ ಸಲ್ಲಬೇಕಾದ ಯಾವುದೋ ಬಾಕಿಯನ್ನು ಪಾತ್ರ ತೀರಿಸಿದಾಗ. ಪಾತ್ರದ ಲೆವೆಲ್ (ಅನುಭವದ ಮೆಟ್ಟಿಲು) ಏರಿತು ಅಂತ ಆಯುಧ ಬೆಳೆಯಬಾರದು. ಏನೋ ನಡೆಯಿತು ಅಂತ ಬೆಳೆಯಬೇಕು.

ಮಾಡಿದವರ ಹೆಸರು ಯಾಕೆ ಇಷ್ಟು ಮುಖ್ಯ ಅಂತ ಕೇಳಿದರೆ ನಾನು ಬೇಲೂರಿನ ಕಡೆ ಕೈ ತೋರಿಸುತ್ತೇನೆ. ಚೆನ್ನಕೇಶವ ಗುಡಿಯ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಆ ಹೆಸರು ಓದಿದ ಮೇಲೆ ಅದೇ ಶಿಲ್ಪವನ್ನು ನಿಂತು ಇನ್ನೊಮ್ಮೆ ನೋಡುತ್ತೇವೆ, ಅಲ್ವಾ? ನಿಮ್ಮ ಆಟದ ಪ್ರತಿ ಮುಖ್ಯ ಸಾಮಾನಿಗೂ ಒಬ್ಬ ದಾಸೋಜನನ್ನು ಕೊಡಿ.

ಆಟಗಾರರೇ ಸಾಮಾನು ಮಾಡಿಸಿಕೊಳ್ಳುವುದೂ ಇದೇ ದಾರಿ. 5ನೇ ಆವೃತ್ತಿಗೆ 2017ರಲ್ಲಿ ಬಂದ ಹೆಚ್ಚುವರಿ ನಿಯಮದಲ್ಲಿ ಅನ್‌ಕಾಮನ್ ದರ್ಜೆಯ ಒಂದು ಮಾಂತ್ರಿಕ ಸಾಮಾನು ಮಾಡಲು 2 ವಾರ, 200 ಚಿನ್ನದ ನಾಣ್ಯ. ಅದಕ್ಕಿಂತ ಅಪರೂಪದ ರೇರ್ ಆದರೆ 10 ವಾರ, 2,000 ನಾಣ್ಯ. ಜೊತೆಗೆ ಯಾವುದೋ ಮೃಗ ಕಾಯುತ್ತಿರುವ ಒಂದು ಅಪರೂಪದ ವಸ್ತು ಬೇಕು. ಆ ವಸ್ತುವಿಗಾಗಿ ಹೊರಟ ಪಯಣ ಇದೆಯಲ್ಲ, ಅದನ್ನು ಯಾರೂ ಮರೆಯುವುದಿಲ್ಲ. ಹಾಗಾಗಿ ಸಾಮಾನನ್ನೂ ಮರೆಯುವುದಿಲ್ಲ.

ಲಕ್ಷಣ: ಒಬ್ಬನ ಸಾಮಾನಿನಿಂದ ಆಟ ವಾಲುತ್ತದೆ

ಇಲ್ಲಿ ದೋಷ ಕಥೆಯಲ್ಲಿಲ್ಲ, ಅಂಕಿಯಲ್ಲಿದೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಗಾಬ್ಲಿನ್ ಎಂಬ ಸಣ್ಣ ಶತ್ರುವಿನ ಏಟಿಗೆ +4 ಇದೆ, ಅಂದರೆ ದಾಳದಲ್ಲಿ ಬಿದ್ದದ್ದಕ್ಕೆ 4 ಕೂಡುತ್ತದೆ. ಎಸಿ ಅಂದರೆ ಏಟು ತಾಗಲು ಮುಟ್ಟಬೇಕಾದ ಅಂಕಿ. ಎಸಿ 18 ಇರುವವನಿಗೆ ತಾಗಲು 20 ಮುಖದ ದಾಳದಲ್ಲಿ 14 ಅಥವಾ ಮೇಲೆ ಬೀಳಬೇಕು, ಅಂದರೆ ನೂರಕ್ಕೆ 35. ಮಾಮೂಲಿ ಗುರಾಣಿ ಹಿಡಿದರೆ ಎಸಿ 20, ಸಾಧ್ಯತೆ 25ಕ್ಕೆ ಇಳಿಯುತ್ತದೆ. ಆ ಗುರಾಣಿಯನ್ನು +2 ಮಾಡಿದರೆ ಎಸಿ 22, ಸಾಧ್ಯತೆ ಬರೀ 15. ಕೇಳಲು ‘ಪ್ಲಸ್ ಎರಡು’ ಸಣ್ಣದು. ಆದರೆ ಏಟು ತಾಗುವ ಅವಕಾಶ 25ರಿಂದ 15ಕ್ಕೆ ಬಿತ್ತು, ಹತ್ತಿರ ಹತ್ತಿರ ಅರ್ಧಕ್ಕೆ.

ಆಯುಧದ ಕಡೆಯೂ ಹೀಗೇ. ಪಾತ್ರದ ಪ್ರೊಫಿಷಿಯೆನ್ಸಿ ಬೋನಸ್, ಅಂದರೆ ಪಳಗಿದ ಕೆಲಸದ ದಾಳಕ್ಕೆ ಕೂಡುವ ಅಂಕ, 1ನೇ ಲೆವೆಲ್‌ನಲ್ಲಿ +2, 17ರಲ್ಲಿ +6. ಇಡೀ ಕ್ಯಾಂಪೇನ್ (ಹಲವು ಸೆಷನ್‌ಗಳ ಪೂರ್ತಿ ಕಥೆ) ಆಡಿ ಗಳಿಸುವ ಏರಿಕೆ ಒಟ್ಟು ನಾಲ್ಕು. ನೀವು ಒಂದು +3 ಕತ್ತಿ ಕೈಗಿಟ್ಟರೆ ಅದರಲ್ಲಿ ಮುಕ್ಕಾಲು ಪಾಲನ್ನು ಒಂದೇ ಸಂಜೆ ಕೊಟ್ಟ ಹಾಗಾಯಿತು. ಈ ಆವೃತ್ತಿಯ ಲೆಕ್ಕವೇ ಅಷ್ಟು ಬಿಗಿ.

ಪರಿಹಾರ: ಮೇಲಕ್ಕೆ ಏರಿಸುವ ಬದಲು ಅಗಲಕ್ಕೆ ಹರಡಿ. ನೀರಿನ ಮೇಲೆ ನಡೆಯುವ ಚಪ್ಪಲಿ, ಒಂದೇ ಒಂದು ಸುಳ್ಳನ್ನು ಹಿಡಿಯುವ ಕನ್ನಡಿ, ಹೇಳಿದ ಮಾತನ್ನು ಹತ್ತು ಹರದಾರಿ ಆಚೆಗೆ ಮುಟ್ಟಿಸುವ ಶಂಖ. ಇವುಗಳಿಂದ ಕಾಳಗದ ಲೆಕ್ಕ ಕೆಡುವುದಿಲ್ಲ. ಆದರೆ ಆಟಗಾರನಿಗೆ ಹೊಸದಾಗಿ ಮಾಡಲು ಏನೋ ಸಿಗುತ್ತದೆ. ದೊಡ್ಡ ಶಕ್ತಿಯೇ ಕೊಡಬೇಕು ಅನಿಸಿದರೆ ಒಂದೇ ಸಲ ಬಳಸುವಂಥದ್ದು ಕೊಡಿ. 2014ರ ಡಿಎಂ ನಿಯಮದಲ್ಲಿ ಇದಕ್ಕೆ ಚಾರ್ಮ್ ಅಂತಲೇ ಇದೆ. ಅಟ್ಯೂನ್ ಆಗಬೇಕಿಲ್ಲ, ಚೀಲದಲ್ಲಿ ಜಾಗ ಬೇಡ, ಬಳಸಿದ ಮೇಲೆ ಇಲ್ಲ. ದೇವರಕಾಡಿನ ಬನದಮ್ಮ ಹಣೆಗೆ ಇಟ್ಟ ಭಂಡಾರ ಅಂತ ಅದನ್ನು ಹೇಳಿ ನೋಡಿ, ಆಟಗಾರರು ಅದನ್ನು ಬಳಸಲು ಎಷ್ಟು ಯೋಚನೆ ಮಾಡುತ್ತಾರೆ ಅಂತ.

ಪ್ಲಸ್‌ಗಳನ್ನು ಸಾಮಾನಿನಿಂದ ಪೂರ್ತಿ ತೆಗೆದುಬಿಡುವ ದಾರಿಯೂ ಇದೆ. ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ 2ನೇ ಆವೃತ್ತಿಯಲ್ಲಿ ಇದಕ್ಕೆ ಒಂದು ಐಚ್ಛಿಕ ನಿಯಮವಿದೆ: ಲೆವೆಲ್ ಏರಿದಂತೆ ಆ ಬೋನಸ್‌ಗಳು ಪಾತ್ರಕ್ಕೇ ತಾವಾಗಿ ಸೇರುತ್ತವೆ. ಡಿ ಅಂಡ್ ಡಿ 4ನೇ ಆವೃತ್ತಿಯಲ್ಲೂ 2009ರಲ್ಲಿ ಇಂಥದ್ದೇ ಬಂದಿತ್ತು. ಇದಾದ ಮೇಲೆ ಸಾಮಾನನ್ನು ನೀವು ಬರೀ ಕಥೆಗಾಗಿ ಕೊಡಬಹುದು, ಲೆಕ್ಕದ ಭಯವಿಲ್ಲ.

ಈಗಾಗಲೇ ಕೊಟ್ಟುಬಿಟ್ಟಿದ್ದರೆ? ಕಳ್ಳನನ್ನು ಕಳಿಸಿ ಕದಿಸಬೇಡಿ. ಆಟಗಾರನಿಗೆ ಅದು ತಕ್ಷಣ ಗೊತ್ತಾಗುತ್ತದೆ, ಮತ್ತೆ ಯಾವ ಬಹುಮಾನವನ್ನೂ ನಂಬುವುದಿಲ್ಲ. ಆಟ ಬಿಟ್ಟು ಕಾಫಿ ಕುಡಿಯುವಾಗ ನೇರ ಹೇಳಿ: ‘ಈ ಗುರಾಣಿಯಿಂದ ಬೇರೆಯವರಿಗೆ ಆಡಲು ಏನೂ ಉಳಿಯುತ್ತಿಲ್ಲ ಕಣಪ್ಪ, ಇದರ ಬದಲು ಏನು ಬೇಕು ಹೇಳು.’ ಹೀಗೆ ಕೇಳಿದಾಗ ಬಹಳಷ್ಟು ಆಟಗಾರರು ನೀವು ಅಂದುಕೊಂಡದ್ದಕ್ಕಿಂತ ಉದಾರವಾಗಿರುತ್ತಾರೆ.

ಲಕ್ಷಣ: ಹೆಣದ ಚಪ್ಪಲಿಯನ್ನೂ ಬಿಡುವುದಿಲ್ಲ

‘ಅಣ್ಣಾ, ಇದನ್ನ ಮಾರಿದ್ರೆ ಎಷ್ಟು ಬರುತ್ತೆ?’ ಅನ್ನುವ ಪ್ರಶ್ನೆ ಪ್ರತಿ ಕಾಳಗದ ಮೇಲೂ ಬಂದರೆ, ಆಟಗಾರರ ದುರಾಸೆ ಅಂತ ತೀರ್ಮಾನ ಮಾಡುವ ಮೊದಲು ನಿಮ್ಮ ನಿಯಮ ಏನು ಕಲಿಸಿದೆ ಅಂತ ನೋಡಿ. 1974ರ ಮೊದಲ ಡಿ ಅಂಡ್ ಡಿಯಲ್ಲಿ ತಂದ ನಿಧಿಯ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವ ಅಂಕದ ಲೆಕ್ಕವಿತ್ತು. ಅಲ್ಲಿ ಲೂಟಿಯೇ ಆಟ. 2000ದಲ್ಲಿ ಬಂದ 3ನೇ ಆವೃತ್ತಿಯಲ್ಲಿ ಯಾವ ಲೆವೆಲ್‌ಗೆ ಎಷ್ಟು ಆಸ್ತಿ ಇರಬೇಕು ಅಂತ ಪಟ್ಟಿಯೇ ಇತ್ತು. 10ನೇ ಲೆವೆಲ್‌ಗೆ 49,000 ನಾಣ್ಯ. ನೀವು ಆಡುತ್ತಿರುವುದು ಆ ಆವೃತ್ತಿಯಾದರೆ ಸಾಮಾನು ಕಡಿಮೆ ಮಾಡಬೇಡಿ. ಅಲ್ಲಿನ ಶತ್ರುಗಳನ್ನು ಅಷ್ಟು ಸಾಮಾನು ಇದೆ ಅಂತ ಅಂದುಕೊಂಡೇ ಮಾಡಿದ್ದಾರೆ, ಪಾತ್ರಗಳು ಸುಮ್ನೆ ಸಾಯುತ್ತವೆ.

5ನೇ ಆವೃತ್ತಿಯಲ್ಲಿ ಅಂಥ ಒತ್ತಡವಿಲ್ಲ. ಶತ್ರುಗಳು ಬಳಸಿದ ಆಯುಧ, ಕವಚ ಮಾರುವಷ್ಟು ಸುಸ್ಥಿತಿಯಲ್ಲಿ ಇರುವುದೇ ಅಪರೂಪ ಅಂತ ನಿಯಮದಲ್ಲೇ ಬರೆದಿದೆ. ಇದನ್ನು ಒಮ್ಮೆ ಟೇಬಲ್‌ಗೆ ಓದಿ ಹೇಳಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧಕ್ಕೆ ಹಣ ಹೋಗುವ ದಾರಿ ತೋರಿಸಿ. ಪ್ಲೇಟ್ ಕವಚಕ್ಕೆ 1,500 ನಾಣ್ಯ, ಅದರಲ್ಲಿ ಮಂತ್ರ ಏನೂ ಇಲ್ಲ. ಆದರೂ ಫೈಟರ್ (ಯೋಧ ಪಾತ್ರ) ಅದಕ್ಕಾಗಿ ತಿಂಗಳುಗಟ್ಟಲೆ ಕೂಡಿಡುತ್ತಾನೆ. ಕಂತಿನಲ್ಲಿ ಕವಚ ಮಾಡಿಕೊಡುವ ಒಬ್ಬ ಕುಶಲಕರ್ಮಿಯನ್ನು ಕಥೆಗೆ ತನ್ನಿ. ಮೊದಲು ಎದೆಯ ತಗಡು, ಮಳೆಗಾಲ ಕಳೆದ ಮೇಲೆ ತೋಳು. ಹಣಕ್ಕೂ ಒಂದು ಗುರಿ ಬಂತು.

ಸಾಮಾನಿನ ಪಟ್ಟಿಯೇ ಬೇಸರವಾಗಿದ್ದರೆ 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದ ಉಪಾಯ ನೋಡಿ. ಅಲ್ಲಿ ಹೊರಡುವಾಗ ಹೊರೆ ಎಷ್ಟು ಅಂತ ಮಾತ್ರ ಹೇಳುತ್ತಾರೆ: ಹಗುರವಾದರೆ 3, ಸಾಧಾರಣ 5, ಭಾರ 6. ಹಗ್ಗ ಇದೆಯೋ ಇಲ್ಲವೋ ಅಂತ ಬಾವಿಯ ಹತ್ತಿರ ಬಂದಾಗ ತೀರ್ಮಾನ. ಕದ್ದು ತುಂಬಿಕೊಳ್ಳುವ ಅಭ್ಯಾಸ ತಾನಾಗಿ ಹೋಗುತ್ತದೆ.

ಲಕ್ಷಣ: ಪಾತ್ರ ಸತ್ತಷ್ಟೂ ಗುಂಪು ಶ್ರೀಮಂತವಾಗುತ್ತದೆ

ಇದನ್ನು ಗಮನಿಸುವವರು ಕಡಿಮೆ. ಒಂದು ಪಾತ್ರ ಸತ್ತಿತು, ಗೆಳೆಯರು ಅದರ ಸಾಮಾನು ಹಂಚಿಕೊಂಡರು. ಆಟಗಾರ ಹೊಸ ಪಾತ್ರ ಮಾಡಿದ, ಅದಕ್ಕೆ ನೀವು ಲೆವೆಲ್‌ಗೆ ತಕ್ಕ ಸಾಮಾನು ಕೊಟ್ಟಿರಿ. ಈಗ ಗುಂಪಿನಲ್ಲಿ ಎರಡು ಪಾತ್ರದ ಆಸ್ತಿ ಇದೆ. ಇದು ಮತ್ತೆ ಮತ್ತೆ ಆದರೆ ಮೊದಲ ಎರಡು ದೋಷಗಳೂ ಇದರ ಹಿಂದೆಯೇ ಬರುತ್ತವೆ. ಜೊತೆಗೆ ಸತ್ತವನ ಬಗ್ಗೆ ಒಂದು ಮಾತೂ ಆಡದೆ ಜೇಬು ತಡಕುವುದು ನೋಡಲು ನೋವಾಗುತ್ತದೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಕೆರೆ ಏರಿ, ಗುಡಿಯ ಅಂಗಳ ಎಲ್ಲಿ ನೋಡಿದರೂ ವೀರಗಲ್ಲು. ಊರಿನ ದನ ಕಾಯಲು ಹೋಗಿ, ಊರು ಉಳಿಸಲು ಹೋಗಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು. ಹಾಗೆ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ಇದನ್ನೇ ಟೇಬಲ್‌ಗೆ ತನ್ನಿ. ಸತ್ತ ಪಾತ್ರದ ಸಾಮಾನು ಅದರ ಮನೆಗೆ ಹೋಗುತ್ತದೆ ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಅದನ್ನು ತಲುಪಿಸಿ, ಕಲ್ಲು ನಿಲ್ಲಿಸಿದ ಗುಂಪಿಗೆ ಆ ಕಲ್ಲು ಏನಾದರೂ ಕೊಡಲಿ. ಆ ಕಲ್ಲಿನ ಮುಂದೆ ರಾತ್ರಿ ಕಳೆದವರಿಗೆ, ಸತ್ತವನ ಒಂದು ಸಾಮರ್ಥ್ಯ ಒಮ್ಮೆ ಎರವಲು ಸಿಗಲಿ. ಕಲ್ಲಿನಲ್ಲಿ ಏನು ಕೆತ್ತಿಸಬೇಕು ಅಂತ ತೀರ್ಮಾನಿಸುವ ಹಕ್ಕು ಆ ಪಾತ್ರವನ್ನು ಆಡಿದವರದ್ದು.

ಸಾಮಾನೇ ಬೇಡ ಅನ್ನಿಸಿದಾಗ: ಹಲ್ಮಿಡಿಯ ದಾರಿ

ಮೇಲಿನದ್ದೆಲ್ಲ ಮಾಡಿಯೂ ಬಹುಮಾನ ಸಪ್ಪೆಯಾಗಿದ್ದರೆ, ನಿಮ್ಮ ಟೇಬಲ್‌ಗೆ ಬಹುಶಃ ವಸ್ತುಗಳು ಸಾಕಾಗಿವೆ. ಆಗ ನೋಡಬೇಕಾದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿ. ಸುಮಾರು ಕ್ರಿ.ಶ. 450ರ ಆ ಶಾಸನ ನಮಗೆ ಗೊತ್ತಿರುವ ತೀರಾ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅದರಲ್ಲಿರುವುದು ಒಬ್ಬ ವೀರನಿಗೆ ಕೊಟ್ಟ ಬಹುಮಾನದ ವಿಷಯ! ಕೇಕಯ-ಪಲ್ಲವರ ವಿರುದ್ಧ ಕಾದಾಡಿದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚು (ವೀರನಿಗೆ ಬಿಡುವ ದತ್ತಿ) ಆಗಿ ಕೊಟ್ಟರು. ಅದನ್ನು ಕೆಡಿಸಿದವರಿಗೆ ಮಹಾಪಾತಕ ತಟ್ಟುತ್ತದೆ ಅಂತ ಶಾಪವನ್ನೂ ಬರೆದರು.

ಯುದ್ಧ ಗೆದ್ದವನಿಗೆ ಇನ್ನೊಂದು ಕತ್ತಿ ಕೊಡಲಿಲ್ಲ ನೋಡಿ. ಊರು ಕೊಟ್ಟರು.

ಊರು ಕೊಟ್ಟರೆ ಟೇಬಲ್‌ನಲ್ಲಿ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಟೇಬಲ್‌ನಲ್ಲಿ ಫೈಟರ್ ಆಡುವ ಹುಡುಗಿಗೆ ಮುಳ್ಳಯ್ಯನಗಿರಿಯಂಥ ಒಂದು ಬೆಟ್ಟದ ಬುಡದ ಹಳ್ಳಿ ಉಂಬಳಿಯಾಗಿ ಬಂತು. ಅವಳು ಅಲ್ಲಿಯವರೆಗೆ ಒಂದು ಆಯುಧದ ಹೆಸರನ್ನೂ ನೆನಪಿಟ್ಟವಳಲ್ಲ. ಮುಂದಿನ ಸೆಷನ್‌ಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ನಕ್ಷೆ ಬರೆದು ತಂದಳು. ಕೆರೆ ಎಲ್ಲಿ, ತೂಬು ಎಲ್ಲಿ, ಮಾರಿಗುಡಿ ಎಲ್ಲಿ, ಎಲ್ಲ ಗುರುತು ಹಾಕಿದ್ದಳು. ಕೂತ ಕೂಡಲೇ ಕೇಳಿದ್ದು: ‘ಮಳೆ ಜೋರಾದ್ರೆ ಏರಿ ತಡೆಯುತ್ತಾ?’ ಆ ಪ್ರಶ್ನೆಯಿಂದ ಮುಂದಿನ ಇಡೀ ಅಧ್ಯಾಯ ಹುಟ್ಟಿತು. ಏರಿ ಕಾಯಲು ಗುಂಪು ಕೆಸರಿನಲ್ಲಿ ನಿಂತು ಮಾಡಿದ ಕಾಳಗದಷ್ಟು ಜೀವವಿದ್ದ ಕಾಳಗ ನಮ್ಮಲ್ಲಿ ಮತ್ತೊಂದು ಆಗಿಲ್ಲ.

ಊರು ಕೊಡುವಾಗ ಮೂರು ವಿಷಯ ಬರೆದು ಕೊಡಿ: ಅದು ವರ್ಷಕ್ಕೆ ಏನು ಕೊಡುತ್ತದೆ, ಅಲ್ಲಿ ಯಾರ ಮಾತು ನಡೆಯುತ್ತದೆ, ಅದರ ಮೇಲೆ ಯಾರ ಕಣ್ಣಿದೆ. ಮೊದಲನೆಯದು ಭತ್ತ, ಕುದುರೆ, ನಾಲ್ಕು ಬಿಲ್ಲುಗಾರರು, ಏನೂ ಇರಬಹುದು. ಮೂರನೆಯದು ನಿಮ್ಮ ಕಥೆಗೆ. ಆದರೆ ನಿಮ್ಮ ಕ್ಯಾಂಪೇನ್ ಊರೂರು ಅಲೆಯುವಂಥದ್ದಾದರೆ ಭೂಮಿ ಕಾಲಿಗೆ ಸರಪಳಿಯಾಗುತ್ತದೆ. ಅಂಥ ಟೇಬಲ್‌ಗೆ ಬಿರುದು ಒಳ್ಳೆಯದು, ಹೊತ್ತು ತಿರುಗಲು ತೂಕವಿಲ್ಲ.

ಬಿರುದಿಗೂ ಮಾದರಿ ಇಲ್ಲೇ ಇದೆ. ಚೋಳರಿಂದ ತಲಕಾಡು ಗೆದ್ದ ಮೇಲೆ ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡುಗೊಂಡ ಆದ. ಬಿರುದಿನಲ್ಲಿ ಮಾಡಿದ ಕೆಲಸವೇ ಇರಬೇಕು. ‘ಮಹಾವೀರ’ ಅಂತ ಕೊಟ್ಟರೆ ಅದೂ ಮರೆತುಹೋಗುತ್ತದೆ. ನಿಯಮ ಸರಳವಾಗಿರಲಿ: ಬಿರುದನ್ನು ಗಟ್ಟಿಯಾಗಿ ಹೇಳಿ ಎದುರಿಗೆ ನಿಂತರೆ ಸೆಷನ್‌ಗೊಮ್ಮೆ ಮಾತಿನಿಂದ ಒಪ್ಪಿಸುವ ದಾಳಕ್ಕೆ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. ಆದರೆ ಸೋತವರ ಕಡೆಯವರು ಅದನ್ನು ಕೇಳಿಸಿಕೊಂಡರೆ ಅವರಿಗೂ ನೀವು ಯಾರು ಅಂತ ಗೊತ್ತಾಯಿತು.

ಹಂಚಿಕೆಯ ಜಗಳ

ಇದು ಸಾಮಾನಿನ ದೋಷವಲ್ಲ, ಮಾತಾಡಿಕೊಳ್ಳದಿರುವ ದೋಷ. ಯಾರಿಗೆ ಅಂತ ಸ್ಪಷ್ಟವಾಗಿರುವ ಬಹುಮಾನವನ್ನು ಆ ಪಾತ್ರದ ಕೈಗೇ ಯಾರಾದರೂ ಕೊಡಲಿ, ಪೆಟ್ಟಿಗೆಯಲ್ಲಿ ಇಡಬೇಡಿ. ಉಳಿದದ್ದಕ್ಕೆ ಸರದಿ ಹಚ್ಚಿ.

ಸರಿಹೋಯಿತೇ ಅಂತ ನೋಡುವುದು

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಕತ್ತಿಯನ್ನೂ ಬೆಳೆಸಿ, ಊರನ್ನೂ ಕೊಟ್ಟು, ಪ್ಲಸ್‌ಗಳನ್ನೂ ತೆಗೆದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಎರಡು ಮೂರು ಸೆಷನ್ ಬಿಟ್ಟು ಶೀಟ್ ಮಗುಚುವ ಪರೀಕ್ಷೆ ಮತ್ತೆ ಮಾಡಿ. ಈ ಸಲ ‘ಯಾರಿಂದ ಬಂತು’ ಅನ್ನುವುದಕ್ಕೆ ಒಂದು ಹೆಸರು ಸಿಕ್ಕರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಒಬ್ಬರ ಸಾಮಾನಿನ ಕಥೆಯನ್ನು ಪಕ್ಕದವರು ಹೇಳಲು ಶುರು ಮಾಡಿದರಂತೂ ಇನ್ನೇನೂ ಮುಟ್ಟಬೇಡಿ.

ಏನೂ ಬದಲಾಗಿಲ್ಲವೇ? ಆಗ ಆ ಆಟಗಾರರಿಗೆ ಬೇಕಿರುವುದು ಬೇರೆ ಏನೋ. ಒಂದು ಚೀಟಿ ಕೊಟ್ಟು, ಅವರ ಪಾತ್ರಕ್ಕೆ ಈ ಲೋಕದಲ್ಲಿ ಯಾರು ಏನು ಕೊಟ್ಟರೆ ಅಳು ಬರುತ್ತದೆ ಅಂತ ಬರೆಯಲು ಹೇಳಿ. ಚೀಟಿಯಲ್ಲಿ ‘ಅಪ್ಪ ಮತ್ತೆ ಮಾತಾಡಿಸಿದರೆ’ ಅಂತ ಬಂದರೆ, ಮುಂದಿನ ಸೆಷನ್‌ನ ಬಹುಮಾನ ಅದೇ.